ಒಂದು ವಾರದ ಮಟ್ಟಿಗೆ

ಗಂಡನ ಶವಕ್ಕೆ ತೊಡಿಸಿದ ಅಂಗಿಯ ಕೊನೆಯ ಗುಂಡಿಯನ್ನು ಅವಳು ಹಾಕುತ್ತಿದ್ದಾಗ, ಅವನು ದುಡಿದ ಕಂಪನಿಯ ಮಾಲೀಕ ಬೆನ್ನ ಹಿಂದೆ ಬಂದು ನಿಂತು ಗಂಟಲು ಸರಿಪಡಿಸಿಕೊಂಡ.

“ಅತ್ತಿಗೆ, ಹೊತ್ತಲ್ಲದ ಹೊತ್ತು, ಗೊತ್ತು. ಅಣ್ಣನ ಫೋನ್ ಎಲ್ಲಿದೆ?”

ಅವಳು ಗುಂಡಿ ಹಾಕಿ ಮುಗಿಸಿದಳು. “ಹೂ ತರೋ ಬದಲು ಫೋನ್ ಕೇಳ್ಕೊಂಡು ಬಂದ್ರಾ?”

“ಬೆಳಿಗ್ಗೆ ಆರರಿಂದ ಒಂದು ಗಾಡಿನೂ ಹೊರಟಿಲ್ಲ. ಏನೋ ಒಪ್ಪಿಗೆ ಕೇಳ್ತಿದೆ. ನಮ್ಮ ಹೊಸಬರಿಗೆ ಅದರ ತಲೆಬುಡ ಗೊತ್ತಾಗ್ತಿಲ್ಲ.”

ಬಾಗಿಲಿಗೆ ಒರಗಿದ್ದ ಮೈದುನ ಒಣನಗೆ ನಕ್ಕ. “ಏಳು ವರ್ಷ ನಮ್ಮಣ್ಣನ್ನ ತೇಪೆಯಣ್ಣ ಅಂತ ಆಡ್ಕೊಂಡ್ರಿ. ಈಗ ತೇಪೆ ಕಿತ್ತು ಬಂತಾ?”

* * *

ಮೂತ್ರಪಿಂಡ ಕೆಟ್ಟವರನ್ನು ಮನೆಯಿಂದ ಡಯಾಲಿಸಿಸ್‌ಗೆ ಕರೆದೊಯ್ಯುವ ಗಾಡಿಗಳ ಕಂಪನಿ ಅದು. ಆಫೀಸಿನಲ್ಲಿ ಮೂರೇ ಕುರ್ಚಿಗಳಿದ್ದಾಗ ಹದಿನೆಂಟು ಗಾಡಿಗಳಿಗೆಂದು ಅವಳ ಗಂಡ ಬರೆದ ಪ್ರೋಗ್ರಾಮನ್ನೇ ನಾನೂರು ಗಾಡಿಗಳಿಗೂ ಎಳೆದರು. ಒಂದೇ ಸೀಟಿಗೆ ಇಬ್ಬರ ಹೆಸರು ಬೀಳತೊಡಗಿತು. ಮುದುಕಿಯೊಬ್ಬಳು ಬಾರದ ಗಾಡಿಗೆ ಬಾಗಿಲಲ್ಲೇ ಕಾದು ಕುಸಿದಳು. ಅಂದೇ ಅವನು ತೇಪೆಯಂತೆ ಒಂದು ತಡೆ ಹಾಕಿದ: ದಿನಕ್ಕೆ ನಾಲ್ಕು ಸಲ, ಆರಕ್ಕೆ, ಹತ್ತಕ್ಕೆ, ಎರಡಕ್ಕೆ, ಮತ್ತೆ ಆರಕ್ಕೆ, ಯಾರಾದರೂ ಅವನ ಫೋನಿನಲ್ಲಿ ಪಟ್ಟಿ ನೋಡಿ, ಜೋಡಿ ಹೆಸರು ಬಿಡಿಸಿ, ‘ಸರಿ’ ಎಂದು ಒತ್ತಿದ ಹೊರತು ಗಾಡಿ ಕದಲಬಾರದು.

“ಒಂದು ವಾರದ ಮಟ್ಟಿಗೆ ಕಣೇ,” ಎಂದಿದ್ದ. “ಬುಡದಿಂದ ಹೊಸದಾಗಿ ಬರೆಯೋಕೆ ಸಮಯ ಕೇಳಿದೀನಿ.”

“ಆಗಲಿ ಅಣ್ಣ, ಮೊದಲು ಇನ್ನೊಂದು ಊರಲ್ಲಿ ಗಾಡಿ ಶುರುವಾಗಲಿ,” ಎಂದಿದ್ದ ಮಾಲೀಕ. ಊರ ಮೇಲೆ ಊರು ಶುರುವಾದವು. ಮಗಳ ಹೆರಿಗೆಯ ಕೋಣೆಯ ಹೊರಗೂ ಗಂಡ ‘ಸರಿ’ ಒತ್ತಿದ. ಎದೆನೋವಿನಿಂದ ಆಸ್ಪತ್ರೆಯಲ್ಲಿ ಮಲಗಿ ಬೆರಳು ನಡುಗಿದಾಗ ಅವಳಿಂದ ಒತ್ತಿಸಿದ.

* * *

ಇಂದು ಆರಕ್ಕೆ ಆ ಫೋನ್ ಶವದ ಪಕ್ಕದಲ್ಲೇ ಬಡಿದುಕೊಂಡಿತ್ತು. ಅವಳು ಬೇಕೆಂದೇ ಅದರ ಬಾಯಿ ಮುಚ್ಚಿಸಿದ್ದಳು. ಹತ್ತಕ್ಕೂ ಅಷ್ಟೇ.

“ಎಷ್ಟು ಜನ ಕಾಯ್ತಿದ್ದಾರೆ?”

“ಮುನ್ನೂರ ಹನ್ನೊಂದು.”

“ಕೊಡಬೇಡಿ ಅತ್ತಿಗೆ,” ಎಂದ ಮೈದುನ. “ನಾಳೆ ಅಂದವನ ಮನೆ ಹಾಳಾಗಲಿ ಬಿಡಿ.”

“ಹಾಳಾಗೋದು ಇವರ ಮನೆಯಲ್ಲಪ್ಪ.” ಅವಳು ಸೆರಗಿನ ಮರೆಯಿಂದ ಫೋನ್ ತೆಗೆದು, ಪಕ್ಕದ ಸ್ಟೂಲನ್ನು ಕಾಲಿನಿಂದ ಮಾಲೀಕನತ್ತ ನೂಕಿದಳು. “ಕೂತ್ಕೊಳ್ಳಿ. ನೋಡಿ ಕಲೀರಿ.”

ಹೆಣದ ತಲೆಯ ಬಳಿ ಕುಳಿತು ಹದಿನಾಲ್ಕು ಜೋಡಿಗಳನ್ನು ಬಿಡಿಸಿದಳು. ‘ಸರಿ’ ಒತ್ತಿ, ಫೋನನ್ನು ಮಾಲೀಕನ ಅಂಗಿಯ ಜೇಬಿಗೇ ಇಳಿಸಿದಳು.

“ನಮ್ಮವರ ಕೈಗೆ ಕೊಡ್ತೀನಿ ಅತ್ತಿಗೆ...”

“ಅವರು ಬುಡದಿಂದ ಬರೀಲಿ. ಒತ್ತೋರು ನೀವು. ಇನ್ನೊಬ್ಬರ ಕೈಗೆ ಹೋಯ್ತೋ, ಆ ಮುದುಕಿ ಮನೆಯವರನ್ನ ಕರ್ಕೊಂಡು ನಿಮ್ಮ ಬಾಗಿಲಿಗೆ ಬರ್ತೀನಿ.”

“ಎಲ್ಲೀವರೆಗೆ?”

“ಒಂದು ವಾರದ ಮಟ್ಟಿಗೆ.”

* * *

ಮಸಣದಲ್ಲಿ, ಗುಂಡಿಯ ಸುತ್ತ ನೆರೆದವರು ಒಬ್ಬೊಬ್ಬರಾಗಿ ಮಣ್ಣು ಹಾಕುತ್ತಿದ್ದರು. ಮಾಲೀಕ ಹಿಡಿ ಮಣ್ಣೆತ್ತಿ ಬಗ್ಗಿದಾಗ ಎರಡು ಗಂಟೆಯಾಯಿತು. ಅವನ ಎದೆಯ ಮೇಲೆ ಫೋನ್ ಬಡಿದುಕೊಂಡಿತು. ಅವನು ಅವಳತ್ತ ನೋಡಿದ. ಅವಳು ಅವನಿಗೆ ಕೂರಲು ಜಾಗವಾಗುವಷ್ಟು ಪಕ್ಕಕ್ಕೆ ಸರಿದಳು.

ಹಿಡಿಯ ಮಣ್ಣು ಅವನ ಬೂಟಿನ ಮೇಲೆಯೇ ಉದುರಿತು. ಅಗೆದ ಮಣ್ಣಿನ ದಿಬ್ಬದ ಮೇಲೆ ಕುಳಿತು ಪಟ್ಟಿ ತೆರೆದ. ಮೊದಲ ಜೋಡಿ ಹೆಸರಿನ ಮೇಲೆ ಒದ್ದೆ ಮಣ್ಣಿನ ಹೆಬ್ಬೆಟ್ಟು ಮೂಡಿತು.