ಫೈನಲಿಗೆ ಬರಬಾರದ ಹೆಂಗಸು

ನನ್ನ ಮಗಳು ಪ್ರತೀಕ್ಷಾ ಗೋಲ್‌ಕೀಪರ್. ಚೆಂಡು ತಡೆಯುವುದು ಅವಳ ಕೈ. ಆದರೆ ಈ ವರ್ಷದ ರಾಷ್ಟ್ರೀಯ ಮಹಿಳಾ ಫುಟ್‌ಬಾಲ್ ನಾಕೌಟ್ ಕಪ್‌ನಲ್ಲಿ ಅವಳ ವಡೋದರದ ತಂಡದ ಸೋಲು ಗೆಲುವೆಲ್ಲ ನನ್ನ ಕಾಲಿನಲ್ಲಿದೆ ಎಂದು ನಮ್ಮ ಮನೆಯವರು ತೀರ್ಮಾನ ಮಾಡಿಬಿಟ್ಟರು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಆದದ್ದು ಇಷ್ಟು. ಫತೇಗಂಜ್‌ನಲ್ಲಿ ನಮ್ಮದೊಂದು ಉಡುಪಿ ಹೋಟೆಲ್. ಗಂಡ ಜನಾರ್ದನ ಗಲ್ಲಾಪೆಟ್ಟಿಗೆಯ ಹತ್ತಿರ, ನಾನು ಅಡುಗೆಮನೆಯಲ್ಲಿ. ಮೊದಲ ಸುತ್ತಿನ ಪಂದ್ಯ ನಮ್ಮೂರಲ್ಲೇ ಇತ್ತು, ನಾನೂ ಹೋಗಿ ಕೂತೆ. ವಿರಾಮದ ಹೊತ್ತಿಗೆ ನಮ್ಮವರ ಮೇಲೆ ಎರಡು ಗೋಲು ಬಿದ್ದಿತ್ತು. ಅಷ್ಟರಲ್ಲಿ ಗ್ರೈಂಡರ್ ಕೆಟ್ಟಿದೆ ಎಂದು ಹೋಟೆಲಿನಿಂದ ಫೋನ್. ಮಾರನೆಯ ದಿನಕ್ಕೆ ಹಿಟ್ಟು ಆಗಬೇಕಲ್ಲ, ಎದ್ದು ಬಂದೆ. ನಾನು ಬಂದ ಮೇಲೆ ನಮ್ಮ ಹುಡುಗಿಯರು ಮೂರು ಗೋಲು ಹೊಡೆದು ಗೆದ್ದರು.

"ನೀನು ಎದ್ದು ಹೋದದ್ದೇ ಒಳ್ಳೇದಾಯ್ತು ಮಾರಾಯ್ತಿ," ಎಂದು ಇವರು ನಕ್ಕರು. ನಾನೂ ನಕ್ಕೆ. ನಗಬಾರದಿತ್ತು.

ನಾಕೌಟ್ ಎಂದರೆ ಒಂದು ಸಲ ಸೋತರೆ ಮನೆಗೆ. ಆ ಹೆದರಿಕೆಯೇ ಇವರ ತಲೆ ಕೆಡಿಸಿತು. ಎರಡನೇ ಸುತ್ತಿಗೆ ಸೀರೆ ಉಟ್ಟು ಹೊರಟವಳನ್ನು ಬಾಗಿಲಲ್ಲೇ ತಡೆದರು.

"ಕಾಲ್ಗುಣ ಅಂತ ಒಂದು ಉಂಟಲ್ಲ ನಾಗವೇಣಿ. ಸುಮ್ನೆ ರಿಸ್ಕ್ ಎಂತಕ್ಕೆ?"

ಕಾಲ್ಗುಣವಂತೆ! ನಾನು ಮದುವೆಯಾಗಿ ಬಂದಾಗ ಇದೇ ಹೋಟೆಲಿನಲ್ಲಿ ಇವರು ನೊಣ ಹೊಡೆಯುತ್ತ ಕೂತಿದ್ದರು. ನಾನು ಒಲೆಯ ಮುಂದೆ ನಿಂತ ಮೇಲೆ ಹತ್ತಿರದ ಹಾಸ್ಟೆಲಿನ ಮಕ್ಕಳು ಬಾಗಿಲ ತನಕ ಸಾಲು ನಿಂತರು. ಆಗ ಯಾರ ಬಾಯಲ್ಲೂ ನನ್ನ ಕಾಲ್ಗುಣದ ಸುದ್ದಿ ಬರಲಿಲ್ಲ. ಆಗ ಅದು ಇವರ ವ್ಯಾಪಾರದ ಬುದ್ಧಿ.

ಆ ಪಂದ್ಯವನ್ನೂ ಗೆದ್ದರು. ಕ್ವಾರ್ಟರ್‌ಫೈನಲ್ ಸೂರತ್‌ನಲ್ಲಿ. ಇವರ ಅಕ್ಕ ಮಂದಾಕಿನಿ ಅತ್ತಿಗೆಯ ಮನೆ ಅಲ್ಲಿ ಉಧ್ನಾದಲ್ಲಿದೆ. ನನ್ನನ್ನೂ ಕರೆದುಕೊಂಡು ಹೋದರು, ಅತ್ತಿಗೆಯ ಅಡುಗೆಮನೆಗೆ! ಇಡೀ ತಂಡಕ್ಕೆ ಇಡ್ಲಿ ಬೇಯಿಸಲು ನಾನು ಬೇಕು, ಪಂದ್ಯ ನೋಡಲು ಬೇಡ. ಮೊಬೈಲಿನಲ್ಲಾದರೂ ನೋಡೋಣವೆಂದು ತೆಗೆದರೆ ಅತ್ತಿಗೆ ಅದನ್ನು ಕೈಯಿಂದ ಕಿತ್ತುಕೊಂಡರು. ನನ್ನನ್ನು ಕಾಯಲೆಂದೇ ಅವರು ಮನೆಯಲ್ಲಿ ಉಳಿದಿದ್ದರು.

"ಮಗಳು ಗೆಲ್ಬೇಕು ಅಂತ ಇದ್ರೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳಿಕ್ಕೆ ಆಗುದಿಲ್ವಾ ನಿಂಗೆ?"

ಮಗಳು ಗೆದ್ದಳು. ಸೆಮಿಫೈನಲನ್ನೂ ಗೆದ್ದಳು. ಅವಳು ಗೆದ್ದಷ್ಟೂ ಇವರ ನಂಬಿಕೆ ಗಟ್ಟಿಯಾಯಿತು. ಒಮ್ಮೆ ಸೋತಾದರೂ ಹೋಗಲಿ ಎಂದು ನನಗೇ ಅನ್ನಿಸಿತು. ಹೆತ್ತ ತಾಯಿಗೆ ಹಾಗೆ ಅನ್ನಿಸುವಂತೆ ಮಾಡಿದರಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಫೈನಲ್ ಅಹಮದಾಬಾದ್‌ನಲ್ಲಿ, ಅಲ್ಲಿನ ಬೋಪಾಲ್ ಎಂಬ ಬಡಾವಣೆಯ ಮೈದಾನದಲ್ಲಿ. ಹೊರಡುವ ಮೊದಲು ಪ್ರತೀಕ್ಷಾ ಅಡುಗೆಮನೆಗೆ ಬಂದು, ತನ್ನ ಹರುಕುಮುರುಕು ಕನ್ನಡದಲ್ಲಿ ಹೇಳಿದಳು: "ಮಮ್ಮಿ, ನಾನು ಇದೆಲ್ಲ ನಂಬಲ್ಲ. ಲೇಕಿನ್ ಪಪ್ಪಾ ಟೆನ್ಷನ್ ತಗೊಳ್ತಾರೆ. ಒಂದು ಮ್ಯಾಚ್ ಅಷ್ಟೇ ನಾ, ಪ್ಲೀಸ್."

ನಂಬಲ್ಲವಂತೆ, ಆದರೂ ನಾನು ಬರಬಾರದಂತೆ. ಬೇರೆಯವರ ಮಾತನ್ನೆಲ್ಲ ಸಹಿಸಿದ್ದೆ. ಈ ಮಾತು ಎದೆಗೆ ಚುಚ್ಚಿತು.

ಭಾನುವಾರ ಬೆಳಿಗ್ಗೆ ನಾನು ಬೇಯಿಸಿದ ಇಡ್ಲಿಯ ಡಬ್ಬಿಗಳನ್ನು ವ್ಯಾನಿಗೆ ಹೇರಿಕೊಂಡು, ಸೂರತ್‌ನಿಂದ ಬಂದಿದ್ದ ಅತ್ತಿಗೆಯೂ ಸೇರಿ ಎಲ್ಲರೂ ಹೊರಟರು. ಹೋಗುವಾಗ ಇವರು ಹೋಟೆಲಿನ ಟೀವಿಯ ರಿಮೋಟನ್ನೂ ಜೇಬಿಗೆ ಹಾಕಿಕೊಂಡು ಹೋದರು. ನಾನು ಕಾವಲಿಯ ಮುಂದೆ ನಿಂತೆ. ಮಧ್ಯಾಹ್ನದ ಹೊತ್ತಿಗೆ ಸುಟ್ಟ ವಾಸನೆ ಬಂತು. ನೋಡಿದರೆ ದೋಸೆ ಕರಕಲಾಗಿದೆ. ನಾನು ಎಂದೂ ದೋಸೆ ಸುಟ್ಟವಳಲ್ಲ! ಒಲೆ ಆರಿಸಿದೆ. ಕೂತಿದ್ದ ಗಿರಾಕಿಗಳಿಗೆ ಇದ್ದದ್ದನ್ನು ಬಡಿಸಿ ಕಳಿಸಿ, ಭಾನುವಾರದ ವ್ಯಾಪಾರ ಹಾಳಾಗಿ ಹೋಗಲಿ ಎಂದು ಶಟರ್ ಎಳೆದೆ. ಹಿಟ್ಟು ಮೆತ್ತಿದ ಸೀರೆಯಲ್ಲೇ ಅಹಮದಾಬಾದ್ ಬಸ್ಸು ಹತ್ತಿದೆ.

ನಾನು ಮೈದಾನ ಮುಟ್ಟುವಾಗ ಆಟ ಸಮಸಮವಾಗಿ ಮುಗಿದು, ಪೆನಾಲ್ಟಿ ಒದೆತಗಳು ಶುರುವಾಗುವುದರಲ್ಲಿದ್ದವು. ನಮ್ಮವರು ಕೂತಿದ್ದ ಸಾಲಿನ ಹಿಂದೆಯೇ ಹೋಗಿ ನಿಂತೆ. ಇವರು ತಿರುಗಿ ನೋಡಿದರು.

"ನೀನು ಎಂತಕ್ಕೆ ಬಂದದ್ದು?"

"ನನ್ನ ಮಗಳು ಆಡುದನ್ನು ನೋಡ್ಲಿಕ್ಕೆ."

ನಮ್ಮ ಹುಡುಗಿಯೊಬ್ಬಳು ಒದ್ದ ಚೆಂಡು ಕಂಬಕ್ಕೆ ಬಡಿಯಿತು. ಇಡೀ ಸಾಲು ತಿರುಗಿ ನನ್ನನ್ನು ನುಂಗುವ ಹಾಗೆ ನೋಡಿತು. ಎದುರಾಳಿಗಳಲ್ಲಿ ಇಬ್ಬರು ಚೆಂಡನ್ನು ಗೋಲಿನ ಮೇಲಿಂದ ಆಚೆ ಒದ್ದರು. ಆಗ ಯಾರೂ ನನ್ನ ಕಡೆ ತಿರುಗಲಿಲ್ಲ. ಕೊನೆಗೆ ನಮ್ಮವರು ಒಂದು ಗೋಲು ಮುಂದಿದ್ದರು. ಅವರಿಗಿನ್ನು ಒಂದೇ ಒದೆತ. ಪ್ರತೀಕ್ಷಾ ಅದನ್ನು ತಡೆದರೆ ಕಪ್ ನಮ್ಮದು.

ಅಷ್ಟರಲ್ಲಿ ಇವರು ಮೈದಾನಕ್ಕೆ ಬೆನ್ನು ಮಾಡಿ ಎದ್ದು ನಿಂತು ನನ್ನ ತೋಳು ಹಿಡಿದರು. ಇನ್ನೊಂದು ತೋಳು ಅತ್ತಿಗೆಯ ಕೈಯಲ್ಲಿ.

"ನಿನ್ನ ದಮ್ಮಯ್ಯ, ಈಗಾದ್ರೂ ಹೊರಗೆ ನಡಿ!" ಎಂದು ಇವರು ಅಂಗಲಾಚಿದರು.

"ಮಗಳ ಬಾಳಿಗೆ ಕಲ್ಲು ಹಾಕ್ಬೇಡ," ಎಂದರು ಅತ್ತಿಗೆ.

ನಾನು ಅಲುಗಲಿಲ್ಲ. ಇವರ ಹೆಗಲಿನ ಮೇಲಿಂದ ನೋಡಿದೆ. ಎದುರಾಳಿ ಹುಡುಗಿ ಒದೆಯಲು ಓಡಿ ಬಂದಳು. ಪ್ರತೀಕ್ಷಾ ಕೊನೆಯವರೆಗೂ ನಿಂತಲ್ಲೇ ನಿಂತು, ಬಲಕ್ಕೆ ಹಾರಿ, ಎರಡೂ ಅಂಗೈಯಿಂದ ಚೆಂಡನ್ನು ಹೊರಕ್ಕೆ ತಳ್ಳಿದಳು. ಅದನ್ನು ನಾನು ಕಣ್ಣಾರೆ ಕಂಡೆ.

ಮೈದಾನವೆಲ್ಲ ಕೂಗಿಕೊಂಡಿತು. ಅವಳು ಎದ್ದು ನಮ್ಮವರಿಗಾಗಿ ಈ ಕಡೆ ನೋಡಿದಳು. ಅವಳಿಗೆ ಕಂಡದ್ದು ಅಪ್ಪನ ಬೆನ್ನು, ಅತ್ತೆಯ ಬೆನ್ನು, ನನ್ನ ಮುಖ. ಕೈಗವಸು ತೊಟ್ಟ ಎರಡೂ ಕೈಗಳನ್ನು ನನ್ನತ್ತ ಎತ್ತಿದಳು.

"ಎಂತಾಯ್ತು? ಹಿಡಿದ್ಲಾ?" ಎಂದು ಇವರು ನನ್ನನ್ನೇ ಕೇಳಿದರು. ಅತ್ತಿಗೆಯೂ ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು.

ಇಬ್ಬರ ಹಿಡಿತದಿಂದಲೂ ತೋಳು ಬಿಡಿಸಿಕೊಂಡೆ.

"ಮೊಬೈಲ್ ಉಂಟಲ್ಲ, ಅದ್ರಲ್ಲಿ ನೋಡಿ," ಎಂದೆ. "ನಾನು ಕಿತ್ಕೊಳ್ಳುದಿಲ್ಲ."