ದೇವಿ ಹೂತಿಟ್ಟ ಕಡುಬು

ಯಾರು ಹೇಳಿದ್ದು ಬೈರಜ್ಜನಿಗೆ ಮರೆವು ಅಂತ? ನಮ್ಮ ಕೇರಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದಿದ್ದೀರಂತೆ, 'ಅಜ್ಜನ ಮಾತು ನಂಬಬೇಡಿ, ಕೋರ್ಟಿನಲ್ಲೇ ನೆನಪಿಲ್ಲ ಅಂದವ' ಎಂದು. ಕೆಳಗೆ ನಾಲ್ಕು ಜನ ನಕ್ಕಿದ್ದೀರಂತೆ. ಮೊಮ್ಮಗಳು ಓದಿ ಹೇಳಿದಳು. ಬರೆದವನೇ, ಕೇಳು. ನಿನ್ನ ಅಪ್ಪ ಏಳನೇ ಕ್ಲಾಸಿನಲ್ಲಿ ಎಷ್ಟು ಸಲ ನಪಾಸಾದ ಎಂಬುದು ನನಗೆ ನೆನಪಿದೆ. ನಿಮ್ಮ ಮನೆ ಹಂಚು ಹೊದೆಸಿದ ದಿನ ಯಾರು ಏಣಿಯಿಂದ ಬಿದ್ದರು, ಬಿದ್ದವರು ಯಾರನ್ನು ಬೈದರು, ಎಲ್ಲ ನೆನಪಿದೆ. ಎಂಬತ್ತೊಂದು ವರ್ಷದಲ್ಲಿ ನಾನು ನೆನಪಿಲ್ಲ ಅಂದದ್ದು ಒಂದೇ ಸಲ. ಅದೂ ಸುಳ್ಳು. ಅದನ್ನು ಹೇಳಲಿಕ್ಕೇ ಈ ಫೋನಿಗೆ ಮಾತಾಡುತ್ತ ಕೂತಿದ್ದೇನೆ.

ನನ್ನ ಕತೆ ಕೇಳಿದವರಿಗೆ ಗೊತ್ತು, ಕೊನೆಯನ್ನು ನಾನು ಮೊದಲು ಹೇಳುವವನಲ್ಲ. ಇವತ್ತು ಮೊದಲೇ ಹೇಳಿಬಿಡುತ್ತೇನೆ. ರಾಘುವಿನ ಗದ್ದೆಯಲ್ಲಿ ಸಿಕ್ಕಿದ ಗಂಟು ಮಾಟದ್ದಲ್ಲ. ಅದು ಭೂಮಿ ಹುಣ್ಣಿಮೆಯ ಕಡುಬು. ಇಟ್ಟವಳು ದೇವಿ. ಇಟ್ಟದ್ದು ಆ ಮನೆಯ ಒಳ್ಳೆಯದಕ್ಕೆ. ಇಷ್ಟು ಕೇಳಿ ಫೋನು ಮುಚ್ಚಿಟ್ಟರೂ ಅಡ್ಡಿಯಿಲ್ಲ.

ಮುಚ್ಚಲಿಲ್ಲವಲ್ಲ? ಹಾಗಾದರೆ ಕೇಳಿ.

ದೇವಿ ಅಂದರೆ ತ್ಯಾಗಲಿ ಊರಿನ ಹತ್ತಿರದ ನಮ್ಮ ಕೇರಿಯ ಕಡೆಮನೆಯವಳು. ಗಂಡ ಸತ್ತು ಹದಿನಾಲ್ಕು ವರ್ಷ. ಒಬ್ಬಳೇ ಮಗಳು, ಜ್ಯೋತಿ. ರಾಘುವಿನ ಮನೆ ಇವಳ ಹಿತ್ತಲಿಗೆ ತಾಗಿಕೊಂಡೇ ಇದೆ. ಅವನಿಗೆ ಇವಳು ತಾಯಿಯ ಕಡೆಯಿಂದ ಚಿಕ್ಕಿ, ಅಂದರೆ ಚಿಕ್ಕಮ್ಮ, ಆಗಬೇಕು. ಅವನ ತಾಯಿ ಹೋದ ಮೇಲೆ ಮೂರು ವರ್ಷ ಅವನ ತಲೆಗೆ ಎಣ್ಣೆ ಹಚ್ಚಿದ್ದು ಇದೇ ದೇವಿ.

ಪೇಟೆಯಲ್ಲಿ ಹುಟ್ಟಿದವರಿಗೆ ಹಬ್ಬದ ವಿಷಯ ಸ್ವಲ್ಪ ಹೇಳಬೇಕು. ಭೂಮಿ ಹುಣ್ಣಿಮೆಗೆ ಭತ್ತ ಹೊಡೆ ತುಂಬಿ ನಿಂತಿರುತ್ತದೆ, ಅಂದರೆ ಭೂಮಿ ತಾಯಿ ಬಸುರಿ. ಅವಳಿಗೆ ಬಯಕೆಯ ಊಟ ಹಾಕುತ್ತೇವೆ. ಬೆಳಕು ಹರಿಯುವ ಮೊದಲು ಗದ್ದೆಗೆ ಅಂಬಲಿ ಬೀರುತ್ತೇವೆ. ಮನೆಯ ಹೆಂಗಸಿನ ಕರಿಮಣಿಯನ್ನು ಭತ್ತದ ಬುಡಕ್ಕೆ ಹಾಕಿ ಪೂಜೆ ಮಾಡುತ್ತೇವೆ. ಒಂದು ಕಡುಬನ್ನು ಎಲೆಯಲ್ಲಿ ಸುತ್ತಿ ಗದ್ದೆಯ ಮೂಲೆಯಲ್ಲಿ ಹೂತಿಟ್ಟು, ಕೊಯ್ಲಿನ ದಿನ ತೆಗೆಯುತ್ತೇವೆ. ಇದು ರಾಘುವಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳುತ್ತೀರಿ. ಚೆನ್ನಾಗಿ ಗೊತ್ತಿತ್ತು. ಆದರೆ ಆ ವರ್ಷ ಅವನ ಅಪ್ಪ ಸತ್ತು ಎಂಟು ದಿನ ಆಗಿತ್ತು. ಸೂತಕ. ಅವರ ಮನೆಯಲ್ಲಿ ಹಬ್ಬವೇ ಇಲ್ಲ. ಹಬ್ಬ ಮಾಡದ ಗದ್ದೆಯಲ್ಲಿ ಎಲೆಯ ಗಂಟು ಸಿಕ್ಕರೆ ಯಾರಾದರೂ ಏನೆಂದುಕೊಳ್ಳಬೇಕು?

ಹುಣ್ಣಿಮೆಯ ಬೆಳಗ್ಗೆ ನಾನು ಅಂಬಲಿ ಬೀರಿ ತಿರುಗಿ ಬರುತ್ತಿದ್ದೆ. ರಾಘುವಿನ ಗದ್ದೆಯ ಮೂಲೆಯಲ್ಲಿ ದೇವಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಎಂತದೇ ದೇವಿ, ಅವ್ನ ಗದ್ದೇಲಿ ನಿಂದೆಂತ ಕೆಲ್ಸ?" ಅಂದೆ.

"ಕೂಗ್ಬೇಡ ಬೈರಣ್ಣ. ಅವ್ರಿಗೆ ಸೂತಕ ಅಂತ ಭೂಮಿ ತಾಯಿ ಉಪಾಸ ಇರ್ಬೇಕನಾ? ಬಸುರಿಗೆ ಯಾರಾದ್ರೂ ಊಟ ತಪ್ಪಿಸ್ತಾರನಾ?"

ಎಲೆಯ ಮೇಲೆ ಎರಡೆಳೆ ಕರಿಮಣಿ ಸುತ್ತಿತ್ತು.

"ಅದು ಯಾರದ್ದು?"

"ದಿವ್ಯಾನ್ನ ಕೇಳಕೆ ಆಗ್ತದನಾ? ನಂದೇ. ಪೆಟ್ಗೇಲಿ ಸುಮ್ನೆ ಬಿದ್ದಿತ್ತು." ಎಲೆಯ ಮೇಲೆ ಮಣ್ಣೆಳೆದು ಮತ್ತೆ ಅಂದಳು, "ಯಾರಿಗೂ ಹೇಳ್ಬೇಡ ಮಾರಾಯ. ಗಂಡ ಸತ್ತವಳ ಕೈ ತಾಗ್ತು ಅಂತ ಆ ಹುಡ್ಗಿ ಹೆದ್ರೀತು. ಮೊದ್ಲೇ ಒಂದು ಮಗು ಹೊಟ್ಟೇಲೇ ಹೋಗಿದೆ. ಕೊಯ್ಲಿಗೆ ಮುಂಚೆ ನಾನೇ ತೆಗೀತೀನಿ."

ದಿವ್ಯಾ ರಾಘುವಿನ ಹೆಂಡತಿ. ಆಗ ಅವಳಿಗೆ ನಾಲ್ಕು ತಿಂಗಳು.

"ನಿನ್ನ ಕಡುಬು ತಿಂದ್ರೆ ಭೂಮಿ ತಾಯಿಗೆ ಹೊಟ್ಟೆನೋವು ಗ್ಯಾರಂಟಿ," ಅಂದೆ. ಮಣ್ಣಿನ ಹೆಂಟೆ ತೆಗೆದು ನನಗೇ ಎಸೆದಳು. ನನ್ನ ಪಂಚೆಗೆ ಬಿತ್ತು. ಅವಳು ನಕ್ಕದ್ದನ್ನು ನಾನು ಕಡೆಯ ಸಲ ಕಂಡದ್ದು ಅವತ್ತು.

ಆಮೇಲೆ ಆ ಮನೆಗೆ ಒಂದರ ಮೇಲೊಂದು ಬಂತು. ಹಾಲು ಕರೆಯುವ ಎಮ್ಮೆ ಸತ್ತಿತು. ದಿವ್ಯಾ ಎರಡು ಸಲ ಆಸ್ಪತ್ರೆ ಸೇರಿದಳು. ಡಾಕ್ಟರು ಮಲಗಿಯೇ ಇರಬೇಕು ಎಂದರು. ರಾಘು ಸರಿಯಾಗಿ ನಿದ್ದೆ ಮಾಡುತ್ತಿರಲಿಲ್ಲ, ಉಣ್ಣುತ್ತಿರಲಿಲ್ಲ. ಹೀಗಿರುವಾಗ ಮೋಡ ಕಟ್ಟಿತೆಂದು ಎರಡು ದಿನ ಮುಂಚೆಯೇ ಕೊಯ್ಲಿಗೆ ಇಳಿದ. ಮೂಲೆಯಲ್ಲಿ ನೀರು ಬಿಡಿಸುವಾಗ ಗುದ್ದಲಿಗೆ ಗಂಟು ಸಿಕ್ಕಿತು.

ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಸೀದಾ ಬಸ್ ಸ್ಟಾಪಿನ ಹೋಟೆಲಿಗೆ ಬಂದ. ಹೋಟೆಲು ಸಂಗಯ್ಯನದು, ಹಾವೇರಿ ಕಡೆಯವನು. ನಾನು ಸಿದ್ದಾಪುರದ ಬಸ್ಸಿಗೆ ಕಾಯುತ್ತ ಚಾ ಕುಡಿಯುತ್ತಿದ್ದೆ. ಏಳೆಂಟು ಜನ ಇದ್ದರು.

"ಬೈರಜ್ಜ, ಇದು ಎಂತದು ಹೇಳಿ," ಅಂದ ರಾಘು. ಚೀಲ ಬಿಚ್ಚಿ ಬೆಂಚಿನ ಮೇಲಿಟ್ಟ. ಕಪ್ಪಾದ ಎಲೆ, ಕೊಳೆತ ಹಿಟ್ಟು, ಕರಿಮಣಿ.

"ಏ, ಹೊರಗ ಇಡಪಾ ಅದನ್ನ! ಇಲ್ಲಿ ಮಂದಿ ತಿಂತಾರ," ಅಂದ ಸಂಗಯ್ಯ. ಆದರೆ ತಾನೇ ಬಗ್ಗಿ ನೋಡಿದ. "ಏನ್ರಿ ಅಜ್ಜಾರ ಇದು?"

ನನಗೆ ಗೊತ್ತಿತ್ತು. ನೋಡಿದ ಕೂಡಲೇ ಗೊತ್ತಾಯಿತು. 'ಕಡುಬು ಕಣಾ, ನಿನ್ನ ಚಿಕ್ಕಿ ಇಟ್ಟದ್ದು' ಅಂದಿದ್ದರೆ ಮುಗಿದುಹೋಗುತ್ತಿತ್ತು. ದೇವಿ ಹೇಳಬೇಡ ಅಂದಿದ್ದಳು, ಅದಕ್ಕೆ ಹೇಳಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ಹೇಳುವವನೇ ಇದ್ದೆ. ಆದರೆ ಏಳೆಂಟು ಜನ ಚಾ ಲೋಟ ಕೆಳಗಿಟ್ಟು ನನ್ನ ಬಾಯಿ ನೋಡುತ್ತಿದ್ದರು. ಜನ ಹಾಗೆ ನೋಡಿದರೆ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಒಂದು ಕತೆ ಶುರು ಮಾಡಿದೆ. ನನ್ನ ಅಜ್ಜನ ಕಾಲದಲ್ಲಿ ಇಂಥದೇ ಗಂಟು, ಇಂಥದೇ ಗದ್ದೆ, ತುಂಬಿದ ಮನೆ ಒಂದೇ ವರ್ಷದಲ್ಲಿ ಖಾಲಿ. ಎಲ್ಲ ಆಗಲೇ ಕಟ್ಟಿದ್ದು.

"ಕರಿಮಣಿ ಯಾರದ ಇತ್ತ್ರಿ?" ಅಂದ ಸಂಗಯ್ಯ.

"ಗಂಡ ಸತ್ತವಳದ್ದು. ದೂರದವಳೂ ಅಲ್ಲ. ಅವ್ಳ ಒಲೆ ಹೊಗೆ ಇವ್ರ ಅಂಗಳಕ್ಕೆ ಬರ್ತಿತ್ತು, ಅಷ್ಟು ಹತ್ರ."

ಕತೆಯ ಕೊನೆಯೂ ನನ್ನ ತಲೆಯಲ್ಲಿ ಸಿದ್ಧವಿತ್ತು. ಆ ಹೆಂಗಸು ಗಂಟು ಇಟ್ಟದ್ದು ಮನೆ ಉಳಿಯಲಿ ಎಂದು, ಯಾರಿಗೂ ತಿಳಿಯಲಿಲ್ಲ. ಹಾಗಾಗಿ ರಾಘು, ನೀನು ಹೋಗಿ ನಿನ್ನ ಚಿಕ್ಕಿಯ ಕಾಲಿಗೆ ಬೀಳು. ಅದು ಕಡೆಯ ಮಾತು. ಅಷ್ಟರಲ್ಲಿ ಬಸ್ಸು ಬಂತು.

ಕತೆಯನ್ನು ಬಿಗಿಯಾದ ಕಡೆ ಮುರಿದು ಏಳುವುದು ನನ್ನ ಚಾಳಿ. ಮಾರನೇ ದಿನ ಎಲ್ಲರೂ ಬಂದು ಕೂರಬೇಕಲ್ಲ. ಎದ್ದು ಬಸ್ಸು ಹತ್ತಿದೆ. ರಾಘು ಓಡಿ ಬಂದು ಕಿಟಕಿಯ ಸರಳು ಹಿಡಿದ.

"ಪೂರ್ತಿ ಹೇಳಿ ಹೋಗಿ ಅಜ್ಜ!"

"ಉಳಿದ ಕತೆ ಸಂಜೆ ಹೇಳ್ತೀನಿ. ಓಡಿ ಹೋಗ್ತದನಾ ಕತೆ?" ಅಂದೆ. ನಕ್ಕೆ ಕೂಡಾ.

ಸಿದ್ದಾಪುರದಲ್ಲಿ ನನಗಿದ್ದ ಕೆಲಸ, ಕನ್ನಡಕದ ಕಾಲು ಸರಿ ಮಾಡಿಸುವುದು. ಅಷ್ಟೇ.

ನಾಲ್ಕು ಗಂಟೆಗೆ ತಿರುಗಿ ಬಂದರೆ ಗದ್ದೆಯ ತುಂಬ ಜನ. ನಾನು ಬಸ್ಸು ಹತ್ತಿದ ಮೇಲೆ, ಕೊಯ್ಲು ಶುರುವಾಯಿತೆಂದು ತಿಳಿದು ದೇವಿ ಸಣ್ಣ ಗುದ್ದಲಿ ಹಿಡಿದು ಗಡಿಬಿಡಿಯಲ್ಲಿ ಬಂದಿದ್ದಾಳೆ. ಬೇರೆಲ್ಲೂ ಹೋಗದೆ ಆ ಮೂಲೆಗೇ ಹೋಗಿ ಬಗ್ಗಿದ್ದಾಳೆ. ರಾಘುವಿಗೆ ಇನ್ನೇನು ಸಾಕ್ಷಿ ಬೇಕಿತ್ತು? ಕೈಯಲ್ಲಿ ಕೊಯ್ಲಿನ ಕತ್ತಿ ಇತ್ತು. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ. ನಾನು ಅವಳ ಮುಖ ನೋಡಲಿಲ್ಲ, ಕಾಲು ನೋಡಿದೆ. ಹಿಮ್ಮಡಿಯ ಕೆಸರು ಇನ್ನೂ ಆರಿರಲಿಲ್ಲ.

ಪೊಲೀಸರು ಕೇಳಿದಾಗ, ಗಂಟು ತೋರಿಸಿದ್ದು ಹೌದು, ನಾನು ಏನೂ ಹೇಳಲಿಲ್ಲ ಅಂದೆ. ನನ್ನ ಅರ್ಧ ಕತೆ ಮಾತ್ರ ನನಗಿಂತ ಜೋರಾಗಿ ಓಡಿತು. ಎರಡು ದಿನದೊಳಗೆ ಯಲ್ಲಾಪುರದ ಆಚೆ ನಂದೊಳ್ಳಿಗೆ ಮುಟ್ಟಿತು. ಮುಟ್ಟುವಾಗ ಅದರಲ್ಲಿ ನನ್ನ ಅಜ್ಜನ ಕಾಲ ಇರಲಿಲ್ಲ, ದೇವಿಯ ಹೆಸರೇ ಇತ್ತು. ಜ್ಯೋತಿಗೆ ನಂದೊಳ್ಳಿಯ ಗಂಡು ಗೊತ್ತಾಗಿತ್ತು. ಮಾಟಗಾತಿಯ ಮಗಳು ಬೇಡ ಎಂದು ಬಿಟ್ಟರು. ದಿವ್ಯಾಗೆ ಹೆರಿಗೆಯಾಗಿ ಹೆಣ್ಣು ಮಗು ಗಟ್ಟಿಯಾಗಿ ಅತ್ತಿತು. ಊರವರು ಅದಕ್ಕೂ ಒಂದು ಹೇಳಿದರು: "ಕೊಂದಿದ್ದು ತಪ್ಪೇ. ಆದ್ರೂ ನೋಡಿ, ಅವ್ಳು ಹೋದ್ಳು, ಮಗು ಉಳೀತು."

ಇದನ್ನು ಕೇಳಿಯೂ ನಾನು ಸುಮ್ಮನಿದ್ದೆ.

ಕೋರ್ಟಿನ ಕಟಕಟೆಯಲ್ಲಿ ಸರ್ಕಾರಿ ವಕೀಲರು ಶಾಂಭವಿಯಮ್ಮ ನೇರವಾಗಿ ಕೇಳಿದರು, "ಗಂಟು ತೋರಿಸಿದಾಗ ನೀವು ಏನು ಹೇಳಿದಿರಿ, ಅಜ್ಜ?" ಕೆಳಗೆ ಜ್ಯೋತಿ ಕೂತಿದ್ದಳು.

"ನೆನಪಿಲ್ಲ," ಅಂದೆ.

ಎರಡೂವರೆ ವರ್ಷದ ಮೇಲೆ ಶಿರಸಿ ಕೋರ್ಟಿನಲ್ಲಿ ತೀರ್ಪಾಯಿತು, ರಾಘು ತಪ್ಪಿತಸ್ಥ. ಮೊನ್ನೆ ಶಿಕ್ಷೆಯ ದಿನ. ಅವನ ಕಡೆಯ ವಕೀಲರು, ಇವನು ಮಾಟವನ್ನು ನಿಜವಾಗಿ ನಂಬಿದ್ದ, ಬಸುರಿ ಹೆಂಡತಿಯ ಜೀವಕ್ಕೆ ಹೆದರಿದ್ದ, ದಯೆ ತೋರಿಸಬೇಕು ಎಂದರು. ಶಾಂಭವಿಯಮ್ಮ, ಹೆದರಿಕೆ ಇವನಿಗಿತ್ತು, ಪ್ರಾಣ ಹೋದದ್ದು ಅವಳದ್ದು ಎಂದರು. ಜಡ್ಜರು ರಾಘುವನ್ನೇ ಕೇಳಿದರು, ಏನಾದರೂ ಹೇಳುವುದಿದೆಯಾ ಎಂದು.

"ಶಿಕ್ಷೆ ಎಷ್ಟಾದ್ರೂ ಕೊಡಿ ಸ್ವಾಮಿ," ಅಂದ. "ನಂಗೆ ತಲೆಗೆ ಎಣ್ಣೆ ಹಚ್ಚಿದ ಚಿಕ್ಕಿ ಅವ್ಳು. ನನ್ ಮನೆಗೆ ಯಾಕೆ ಹಂಗ್ ಮಾಡಿದ್ಳು? ಅದೊಂದು ಯಾರಾದ್ರೂ ಹೇಳಿ."

ನಾನು ಹಿಂದಿನ ಬೆಂಚಿನಿಂದ ಎದ್ದು ನಿಂತೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ.

"ಅದು ಕಡುಬು ಕಣಾ ರಾಘು! ನಿಂಗೆ ಸೂತಕ ಅಂತ ಅವ್ಳು ಇಟ್ಟಿದ್ದು. ನಿನ್ ಹೆಂಡ್ತಿಗೆ ಒಳ್ಳೇದಾಗ್ಲಿ ಅಂತ ಇಟ್ಟಿದ್ದು. ನಂಗೆ ಗೊತ್ತಿತ್ತು!"

ಪೊಲೀಸಿನವನು ರಟ್ಟೆ ಹಿಡಿದ. ಜಡ್ಜರು ಸಿಟ್ಟು ಮಾಡಲಿಲ್ಲ. "ಅಜ್ಜ, ಕೇಳಿದಾಗ ನೆನಪಿಲ್ಲ ಅಂದಿದ್ದೀರಿ, ದಾಖಲೆಯಲ್ಲಿ ಅದೇ ಇದೆ. ಈಗ ಸಾಕ್ಷಿ ಮುಗಿದಿದೆ. ಕೂತುಕೊಳ್ಳಿ," ಅಂದರು. ಆಮೇಲೆ ಓದಿದರು: ಜೀವಾವಧಿ. ಗಂಟಿನಲ್ಲಿ ಏನಿತ್ತು ಎಂಬುದರಿಂದ ಅಪರಾಧ ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ ಎಂದರು. ಕಾನೂನಿಗೆ ಅದು ಸರಿಯೇ ಇರಬಹುದು. ದೇವಿಯ ಹೆಸರು ಮಾತ್ರ ಬಿದ್ದಲ್ಲೇ ಉಳಿಯಿತು.

ಹೊರಗೆ ಮೆಟ್ಟಿಲ ಹತ್ತಿರ ರಾಘುವನ್ನು ಕರೆತಂದರು. ದಿವ್ಯಾ ಮಗುವನ್ನು ಅವನ ಕಡೆ ತಿರುಗಿಸಿ ಹಿಡಿದಳು. ಅವನು ಮಗುವನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಸಂಜೆ ಹೇಳ್ತೀನಿ ಅಂದಿದ್ರಲ್ಲ ಅಜ್ಜ," ಅಂದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜ್ಯೋತಿ ಗೇಟಿನ ತನಕ ಬಂದಳು. ನಾನು ಅವಳ ಕಾಲಿಗೆ ಬೀಳಲು ಬಗ್ಗಿದರೆ ಹಿಂದೆ ಸರಿದಳು.

"ಬ್ಯಾಡ ದೊಡ್ಡಪ್ಪ. ಇವತ್ತು ಕೋರ್ಟಲ್ಲಿ ನೀವು ಹೇಳಿದ್ದು ಹದಿನೈದು ಜನಕ್ಕೆ ಕೇಳ್ತು. ಅವತ್ತು ಹೋಟ್ಲಲ್ಲಿ ಹೇಳಿದ್ದು ಮೂರು ತಾಲೂಕಿಗೆ ಕೇಳ್ತು. ನನ್ ಅಬ್ಬೆ ಮಾಟಗಾತಿ ಆಗಿಯೇ ಇದ್ದಾಳೆ," ಅಂದಳು. ಬಸ್ಸಿನ ಕಡೆ ನಡೆದಳು.

ಆ ಮಾತಿಗೇ ಇಷ್ಟು ಹೊತ್ತು ಮಾತಾಡಿದೆ. ನನ್ನನ್ನು ಬೈದು ಬರೆಯಿರಿ, ಗುಂಪಿನಿಂದ ತೆಗೆದುಹಾಕಿ, ಅಡ್ಡಿಯಿಲ್ಲ. ಆದರೆ ಇದನ್ನು ಕಳಿಸಿ. ಸಿದ್ದಾಪುರ, ಶಿರಸಿ, ಸೋಂದಾ, ಯಲ್ಲಾಪುರ, ನಿಮ್ಮ ನೆಂಟರು ಎಲ್ಲೆಲ್ಲಿದ್ದಾರೋ ಅಲ್ಲಿಗೆಲ್ಲ ಕಳಿಸಿ. ನಂದೊಳ್ಳಿಯಲ್ಲಿ ಗುರುತಿನವರಿದ್ದರೆ ಅವರಿಗೆ ಮೊದಲು. ಉದ್ದವಾಯಿತೆಂದು ತುಂಡು ಮಾಡಬೇಡಿ. ಅರ್ಧ ಕಳಿಸಬೇಡಿ, ನಿಮ್ಮ ದಮ್ಮಯ್ಯ. ಪೂರ್ತಿ ಕಳಿಸಿ.