ಅಳತೆ ನೋಡಿದಳು, ಅಕ್ಷರ ನೋಡಲಿಲ್ಲ

ಆ ಫೋಟೋ ಫ್ರೇಮಿನ ಅಂಗಡಿಗೆ ಜನ ಫ್ರೇಮ್ ಹಾಕಿಸುವುದಕ್ಕಿಂತ ಯಜಮಾನನ ಮಾತು ಕೇಳಲೆಂದೇ ಬರುತ್ತಿದ್ದರು. "ಮದುವೆ ಫೋಟೋನಾ? ಗಟ್ಟಿ ಗಾಜೇ ಹಾಕ್ತೀನಿ ಬಿಡಿ. ಮುಂದೆ ಪಾತ್ರೆ ಪಗಡ ಹಾರಾಡೋ ದಿನ ಬರುತ್ತೆ" ಎಂದು ಹೊಸ ಜೋಡಿಗಳನ್ನು ಕಿಚಾಯಿಸುತ್ತಿದ್ದ. ಬೀದಿಯಲ್ಲಿ ಅವನ ಹೆಸರೇ ಮಾತಿನಮಲ್ಲ. ಒಳಗೆ ಗಾಜು ಕತ್ತರಿಸುತ್ತ ಕೂತ ಹೆಂಡತಿ, "ಬಾಯಿಗೊಂದು ಬೀಗ ಹಾಕ್ರೀ" ಎನ್ನುತ್ತಿದ್ದಳು. ಈಗ ಆ ಮಾತನ್ನು ಅವಳು ಅಪ್ಪಿತಪ್ಪಿಯೂ ಆಡುವುದಿಲ್ಲ.

ಒಂದು ಬೆಳಿಗ್ಗೆ ಅವನಿಗೆ ಸ್ಟ್ರೋಕ್ ಆಯಿತು. ಆಸ್ಪತ್ರೆಯವರು ಜೀವ ಉಳಿಸಿದರು. ಬಲಗೈ ಸೋತಿತು, ಮಾತು ಕೆಟ್ಟಿತು. ಬುದ್ಧಿ ನೆಟ್ಟಗಿತ್ತು, ಎದುರಿನವರು ಹೇಳಿದ್ದು ಅರ್ಥವಾಗುತ್ತಿತ್ತು. ಬೇಕಾದ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ನೀರು ಬೇಕಾದರೆ "ಬಾಗಿಲು" ಎನ್ನುತ್ತಿದ್ದ. ತಪ್ಪೆಂದು ಅವನಿಗೇ ಗೊತ್ತಾಗಿ ಹಣೆ ಚಚ್ಚಿಕೊಳ್ಳುತ್ತಿದ್ದ.

ಅಂಗಡಿಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಅದೇ ಆಸ್ಪತ್ರೆಯಲ್ಲಿ ಸ್ಪೀಚ್ ಥೆರಪಿ, ಅಂದರೆ ಮಾತಿನ ಚಿಕಿತ್ಸೆ ಕಲಿಯುತ್ತಿದ್ದಳು. ಸುದ್ದಿ ಕೇಳಿ ಓಡಿ ಬಂದಳು.

"ಆಂಟಿ, ತಡ ಮಾಡ್ಬೇಡಿ. ಅಂಕಲ್‌ನ ನಮ್ಮ ವಿಭಾಗಕ್ಕೆ ಕರ್ಕೊಂಡು ಬನ್ನಿ."

"ಯಾರು ನೋಡ್ತಾರೆ? ದೊಡ್ಡ ಡಾಕ್ಟ್ರಾ?"

"ನಮ್ಮಂಥ ವಿದ್ಯಾರ್ಥಿಗಳೇ ಆಂಟಿ. ಆದ್ರೆ ಕಲಿಸೋ ಮೇಡಂ ಪಕ್ಕದಲ್ಲೇ ಕೂತು ನೋಡ್ತಿರ್ತಾರೆ. ತಪ್ಪಾದ್ರೆ ಅಲ್ಲೇ ತಿದ್ತಾರೆ."

"ಅಲ್ಲ ಕಣೇ, ಡಿಗ್ರಿ ಆಯ್ತು ಅಂತ ಬೀದಿಗೆಲ್ಲ ಸ್ವೀಟ್ ಹಂಚಿದ್ಯಲ್ಲ!"

"ಅದು ಮೊದಲನೇ ಡಿಗ್ರಿ. ಈಗ ಅದರ ಮೇಲಿಂದು ಓದ್ತಿದೀನಿ."

"ಅಷ್ಟು ಓದಿದ್ರೂ ನಿನ್ನೊಬ್ಬಳನ್ನೇ ಬಿಡಲ್ವಾ?"

"ಬಿಡಲ್ಲ ಆಂಟಿ. ಮಕ್ಕಳು, ವಯಸ್ಸಾದೋರು, ಉಗ್ಗೋರು, ನುಂಗೋಕೆ ಕಷ್ಟ ಆಗೋರು, ಎಲ್ಲರ ಜೊತೆ ಕೆಲಸ ಮಾಡ್ಬೇಕು. ಇಷ್ಟು ಗಂಟೆ ಮಾಡಿದಾಳೆ ಅಂತ ಮೇಡಂ ಸಹಿ ಹಾಕ್ಬೇಕು. ಪರೀಕ್ಷೆ ಪಾಸಾಗ್ಬೇಕು. ಆಮೇಲೆ ಸರ್ಕಾರದ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸ್ಬೇಕು. ಅಲ್ಲೀವರೆಗೂ ನಾನು ಕಲಿಯೋಳೇ."

ಹುಡುಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅದೇ ಮುಳುವಾಯಿತು. ಫ್ರೇಮಿನವಳು ಮೂಗು ಮುರಿದಳು. "ಬೇಡಮ್ಮ. ನನ್ನ ಗಂಡನ ಮೇಲೆ ನೀವೆಲ್ಲ ಕೈ ಪಳಗಿಸ್ಕೊಳ್ಳೋದು ಬೇಡ."

ಅವಳಿಗೆ ಆಗಲೇ ಹಿಂದಿನ ಬೀದಿಯಲ್ಲಿ 'ಮಾತು ಕಲಿಸಲಾಗುವುದು' ಎಂದು ಬೋರ್ಡು ಹಾಕಿದ್ದ ಮಾತಿನ ಮೇಷ್ಟ್ರು ನೆನಪಾಗಿದ್ದರು. ಅವರ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿದವಳು ಅವಳೇ. ಬಂಗಾರದ ಬಣ್ಣದ ಅಂಚು, ಕೆಂಪು ಮೊಹರು, ಎಷ್ಟು ಲಕ್ಷಣವಾಗಿತ್ತು! ಮೇಷ್ಟ್ರು ತಾನಿನ್ನೂ ಕಲಿಯುತ್ತಿದ್ದೇನೆ ಎನ್ನಲಿಲ್ಲ. "ನನ್ನ ಕೈಗೆ ಬಿಡಿ. ರೇಡಿಯೋ ಥರ ಮಾತಾಡಿಸ್ತೀನಿ. ಗ್ಯಾರಂಟಿ" ಎಂದರು. ಅವಳಿಗೆ ಹೋದ ಜೀವ ಬಂದಂತಾಯಿತು.

ಮೇಷ್ಟ್ರ ಕೋಣೆಯಲ್ಲಿ ಮಕ್ಕಳು ಕೂರುವ ಪ್ಲಾಸ್ಟಿಕ್ ಕುರ್ಚಿಗಳಿದ್ದವು. ಊರನ್ನೇ ನಗಿಸಿದ ಮನುಷ್ಯ ಅಂಥದೊಂದರಲ್ಲಿ ಮುದುಡಿ ಕೂತು ಅ, ಆ, ಇ, ಈ ಒಪ್ಪಿಸಬೇಕಾಯಿತು. ತಪ್ಪಿದರೆ ಮೇಷ್ಟ್ರು ಮೇಜಿನ ಮೇಲೆ ಸ್ಕೇಲು ಬಡಿಯುತ್ತಿದ್ದರು. ಹೆಂಡತಿಗೂ ತಾಕೀತು ಮಾಡಿದರು. "ಮನೇಲಿ ಮುದ್ದು ಮಾಡ್ಬೇಡಿ. 'ನೀರು' ಅಂತ ಸರಿಯಾಗಿ ಹೇಳೋವರೆಗೂ ನೀರು ಕೊಡ್ಬೇಡಿ."

ಅವಳು ಹಾಗೇ ಮಾಡಿದಳು. ಗಂಡನ ಒಳ್ಳೆಯದಕ್ಕೇ ಎಂದು ಎದೆ ಕಲ್ಲು ಮಾಡಿಕೊಂಡು, ಲೋಟ ಹಿಡಿದು ನಿಲ್ಲುತ್ತಿದ್ದಳು.

"ಹೇಳ್ರೀ. ನೀ... ನೀರು."

"ಬಾ... ಬಾಗಿ..."

"ಅದಲ್ಲ! ಸರಿಯಾಗಿ ಹೇಳಿ."

ಅವನು ಬೆವರಿದ, ತಡಕಾಡಿದ, ಮತ್ತೆ ತಪ್ಪಿದ. ಒಂದು ದಿನ ಲೋಟವನ್ನೂ ಅವಳನ್ನೂ ನೋಡಿ, ಗೋಡೆಯ ಕಡೆ ತಿರುಗಿ ಕೂತುಬಿಟ್ಟ. ಅಲ್ಲಿಂದ ಬಾಯಿ ತೆರೆಯಲೇ ಇಲ್ಲ. ಮೇಷ್ಟ್ರ ಬಳಿಗೆ ಎಷ್ಟು ಕರೆದರೂ ಬರಲಿಲ್ಲ. ನೀರು ಬೇಕಾದರೆ ಎಡಗೈಯಲ್ಲಿ ತಾನೇ ನಲ್ಲಿ ತಿರುಗಿಸಿಕೊಳ್ಳುತ್ತಿದ್ದ. ಗಿರಾಕಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದ. ತಿಂಗಳುಗಳು ಹಾಗೇ ಉರುಳಿದವು.

ಅಷ್ಟರಲ್ಲಿ, ಬೇಡವೆಂದ ಮೇಲೆ ಅಂಗಡಿಗೆ ಕಾಲಿಡದಿದ್ದ ಮಹಡಿಯ ಹುಡುಗಿ ಓದು ಮುಗಿಸಿ, ಪರೀಕ್ಷೆ ಪಾಸಾಗಿ, ತನ್ನ ನೋಂದಣಿ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಲು ಅಂಗಡಿಗೆ ಬಂದಳು. ಅವಳನ್ನು ಕಂಡದ್ದೇ ಯಜಮಾನ ಒಳಗೆ ಸರಿದ.

"ಯಾಕೆ ಆಂಟಿ, ಮಾತೇ ಆಡಲ್ವಾ?"

ಫ್ರೇಮಿನವಳು ಎಲ್ಲವನ್ನೂ ಹೇಳಿದಳು. ಹುಡುಗಿಯ ಮುಖ ಬಾಡಿತು.

"ಆ ಮೇಷ್ಟ್ರ ಸರ್ಟಿಫಿಕೇಟ್ ನೀವೇ ನೋಡಿದ್ರಲ್ಲ ಆಂಟಿ. ಅದರಲ್ಲಿ ಏನಿತ್ತು?"

"ಹದಿನಾರಿಂಚು ಅಗಲ, ಹನ್ನೆರಡು ಎತ್ತರ..." ಎಂದವಳು ಅಲ್ಲೇ ತಡೆದಳು. ಅಳತೆ ಬಿಟ್ಟರೆ ಬೇರೇನೂ ಅವಳಿಗೆ ನೆನಪಿರಲಿಲ್ಲ. ಓದು ಬರಹ ಬಲ್ಲ ಹೆಂಗಸು, ಕೈಯಲ್ಲೇ ಹಿಡಿದ ಕಾಗದವನ್ನು ಓದಿಯೇ ಇರಲಿಲ್ಲ.

ಮೇಷ್ಟ್ರ ಕೋಣೆಗೆ ಹೋಗಿ ಅವತ್ತು ಓದಿದಳು. ಭಾಷಣ ಕಲೆಯ ಶಿಬಿರದಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರ ಅದು. ಯಾರಿಗೂ ಕಾಣದಂತೆ ಮುಚ್ಚಿಟ್ಟದ್ದೇನೂ ಅಲ್ಲ. ದಪ್ಪ ಅಕ್ಷರದಲ್ಲೇ ಬರೆದಿತ್ತು.

"ಎಲ್ಲಾ ಒಂದೇ ಕಣಮ್ಮ, ಮಾತು ಅಂದ್ರೆ ಮಾತೇ" ಎಂದರು ಮೇಷ್ಟ್ರು. ಅವಳು ಚಪ್ಪಲಿ ಮೆಟ್ಟಿ ಹೊರಟಳು.

ಕೊನೆಗೂ ಗಂಡನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹುಡುಗಿಯ ಮೇಡಂ ಅವನನ್ನು ದೊಡ್ಡ ಕುರ್ಚಿಯಲ್ಲಿ, ಸರಿಸಮನಾಗಿ ಎದುರಿಗೆ ಕೂರಿಸಿಕೊಂಡರು. ಏನು ಅರ್ಥವಾಗುತ್ತದೆ, ಏನು ಓದಬಲ್ಲ, ಏನು ನುಂಗಬಲ್ಲ ಎಂದು ಮೊದಲು ಪರೀಕ್ಷೆ ಮಾಡಿದರು. ಪದ ಸಿಗದಿದ್ದರೆ ಬೆರಳು ತೋರಿಸಲಿ, ಎಡಗೈಯಲ್ಲಿ ಚಿತ್ರ ಬರೆಯಲಿ, ಹೇಗಾದರೂ ತಿಳಿಸಲಿ, ಸಾಕು ಎಂದರು.

ಹೆಂಡತಿ ಲೋಟದ ವಿಷಯ ಹೇಳಿದಳು. ಮೇಡಂ ಅವಳ ಕಡೆ ತಿರುಗಿದರು.

"ಅವರು ಹಠಕ್ಕೆ ಬಿದ್ದು ತಪ್ಪು ಹೇಳ್ತಿರಲಿಲ್ಲಮ್ಮ. ಆ ಪದ ಅವರಿಗೆ ಸಿಗ್ತಿರಲಿಲ್ಲ, ಅಷ್ಟೇ."

"ಮೊದಲೇ ಬಂದಿದ್ರೆ ಪೂರ್ತಿ ಸರಿಹೋಗ್ತಿದ್ರಾ ಮೇಡಂ?"

"ಪೂರ್ತಿ ಅಂತ ಯಾರೂ ಹೇಳಕ್ಕಾಗಲ್ಲ. ಆದ್ರೆ ಶುರುವಿನ ತಿಂಗಳುಗಳಲ್ಲಿ ಸುಧಾರಣೆ ಬೇಗ. ಆ ಕಾಲ ಕೈ ತಪ್ಪಿತು. ಈಗಲೂ ಆಗುತ್ತೆ, ನಿಧಾನಕ್ಕೆ."

"ಗ್ಯಾರಂಟಿ ಕೊಡಲ್ವಾ?"

"ಕೊಡಲ್ಲ. ಕೊಡೋರನ್ನ ನಂಬಬೇಡಿ."

ಅವಳು ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಈಗ ಅವನಿಗೆ ಕೆಲವು ಮಾತುಗಳು ಬಂದಿವೆ. ಹುಡುಗಿಯನ್ನು ಕಂಡರೆ "ಬಂದ್ಯಾ?" ಎನ್ನುತ್ತಾನೆ. ಮೊನ್ನೆ ಗಿರಾಕಿಯೊಬ್ಬರಿಗೆ "ಗಾಜು... ಗಟ್ಟಿ" ಎಂದನಂತೆ. ಹೆಂಡತಿ ಹತ್ತಿರ ಬಂದರೆ ಮಾತ್ರ ತುಟಿ ಬಿಗಿಯುತ್ತಾನೆ. ಅವಳೊಡನೆ ಇನ್ನೂ ಕೈಸನ್ನೆಯೇ. "ಕಾಯಿರಿ ಆಂಟಿ, ಬಲವಂತ ಮಾಡ್ಬೇಡಿ" ಎಂದಿದ್ದಾಳೆ ಹುಡುಗಿ. ಹೆಂಡತಿ ಕಾಯುತ್ತಿದ್ದಾಳೆ. ಆ ಮನುಷ್ಯ ಒಂದೇ ಒಂದು ಸಲ ತನ್ನನ್ನು ಕಿಚಾಯಿಸಿದರೆ ಸಾಕು ಎಂದು ಹಂಬಲಿಸುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಾತು ತಡವಾದ ಮಗುವಿರಬಹುದು, ಉಗ್ಗುವವರಿರಬಹುದು, ಸ್ಟ್ರೋಕ್ ಆಗಿ ಪದ ಕಳೆದುಕೊಂಡವರಿರಬಹುದು. ತಡ ಮಾಡಬೇಡಿ, ಬೋರ್ಡು ನೋಡಿ ಒಳಗೆ ನುಗ್ಗಲೂಬೇಡಿ. "ನೀವು ಓದಿದ್ದೇನು, ಯಾರ ಕೈಕೆಳಗೆ ಕಲಿತಿರಿ, ನಿಮ್ಮ ನೋಂದಣಿ ಎಲ್ಲಿದೆ?" ಎಂದು ಕೇಳಿ. ದೇಶದಿಂದ ದೇಶಕ್ಕೆ ನಿಯಮ ಬೇರೆಯಾಗುತ್ತದೆ, ನಿಮ್ಮಲ್ಲಿ ಏನಿದೆಯೆಂದು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಕಣ್ಣೆದುರಿಗೆ ಚಿಕಿತ್ಸೆ ಮಾಡುವ ವಿದ್ಯಾರ್ಥಿಯನ್ನು ಹಗುರವಾಗಿ ಕಾಣಬೇಡಿ. ಕೇಳಿದ್ದಕ್ಕೆ ನಿಜವಾಗಿ ಕಲಿತವರು ಸಿಟ್ಟಾಗುವುದಿಲ್ಲ. ಮಾತಿನಮಲ್ಲನ ಹೆಂಡತಿಗೆ ಅವತ್ತು ಆ ಒಂದು ಮಾತು ಕೇಳಲು ಬಾಯಿ ಬರಲಿಲ್ಲ. ನಿಮಗಾದರೂ ಬರಲಿ.